ಚಪ್ಪಲಿ ತಂದುಕೊಟ್ಟ ಮಗು

ನಮ್ಮೂರಿನ ಟಾಕೀಸಿನಲ್ಲಿ ಪಿಕ್ಚರ್ ಮುಗಿದರೆ ಆಟ ಮುಗಿದಂತಲ್ಲ. ಪರದೆಯ ಮೇಲೆ ಶುಭಂ ಬಿದ್ದು, ದೀಪ ಹತ್ತಿದ ಮೇಲೂ ಎರಡು ಕಡೆಯ ಬಾಗಿಲುಗಳು ಗೋಡೆಯ ಹಾಗೆ ಕೂತಿರುತ್ತವೆ. ಒಳಗಿರುವವರಲ್ಲಿ ಯಾರಾದರೊಬ್ಬರು ಎದ್ದು ನಿಂತು, ಆ ಪಿಕ್ಚರಿನ ಯಾರದಾದರೂ ಮನಸ್ಸಿನಲ್ಲಿದ್ದು ಬಾಯಿಗೆ ಬಾರದ ಮಾತನ್ನು ಹೇಳಬೇಕು. ಹೇಳಿದ್ದು ನಿಜವಾದರೆ ಅಗುಳಿ ಸರಿಯುತ್ತದೆ. ಸುಮ್ಮನೆ ಜಾಣತನಕ್ಕೆ ಹೇಳಿದ್ದಾದರೆ ಇಲ್ಲ. ಒಂದು ಆಟದಲ್ಲಿ ಹೇಳಿದ್ದನ್ನು ಇನ್ನೊಂದು ಆಟದಲ್ಲಿ ಹೇಳಿದರೂ ಇಲ್ಲ. ಹೊರಗಿನಿಂದ ಬಂದವರು ಇದನ್ನು ಕೇಳಿ ನಗುತ್ತಾರೆ. ಅವರನ್ನು ಒಂದು ಆಟಕ್ಕೆ ಕೂರಿಸಿದರೆ ಸಾಕು, ಆಮೇಲೆ ನಗುವುದಿಲ್ಲ. ನಾವಂತೂ ಹುಟ್ಟಿದಾಗಿನಿಂದ ಕಂಡವರು. ಪಿಕ್ಚರಿಗೆ ಹೊರಟರೆ ಸೆರಗಿನಲ್ಲಿ ಮಂಡಕ್ಕಿ, ಕೂಸಿಗೆ ಹಾಲು, ಮುದುಕರಿಗೆ ಮಾತ್ರೆ ಕಟ್ಟಿಕೊಂಡೇ ಹೋಗುವುದು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ, ಅಡುಗೆ ಬರುತ್ತದಾ ಎಂದೆಲ್ಲ ಕೇಳಿದ ಮೇಲೆ, "ಬಾಗಿಲು ತೆಗ್ದಿದ್ದುಂಟಾ?" ಎಂದೂ ಕೇಳುತ್ತಾರೆ. ಒಲೆ ಮೇಲೆ ಹಾಲಿಟ್ಟು ಪಿಕ್ಚರಿಗೆ ಹೋದ ಎಂಬ ಮಾತನ್ನು ನಮ್ಮಲ್ಲಿ ಬುದ್ಧಿಯಿಲ್ಲದವರಿಗೆ ಹೇಳುವುದು.

ಸೋತ ಪಿಕ್ಚರಿನಿಂದ ಊರಿಗೆ ತೊಂದರೆಯಿರಲಿಲ್ಲ. ಅದು ಬಂದು, ನಾಲ್ಕು ಜನ ನೋಡಿ, ಹೋಗಿಬಿಡುತ್ತಿತ್ತು. ಅಂಥದರಲ್ಲಿ ಮನಸ್ಸು ಎಲ್ಲೆಂದರಲ್ಲಿ ಬಿದ್ದಿರುತ್ತಿತ್ತು, ಬಗ್ಗಿ ಎತ್ತಿಕೊಂಡರೆ ಆಯಿತು. ಕಷ್ಟವೆಲ್ಲ ಓಡುವ ಪಿಕ್ಚರುಗಳದ್ದು. ಮೊದಲ ವಾರ ನಾಯಕನ ಸಿಟ್ಟು, ನಾಯಕಿಯ ನಾಚಿಕೆ, ತಾಯಿಯ ಸಂಕಟಗಳಿಂದ ಬಾಗಿಲು ತೆಗೆಯುತ್ತಿತ್ತು. ಎರಡನೇ ವಾರಕ್ಕೆ ಖಳನ ಕಡೆ ತಿರುಗಬೇಕು. ಆಮೇಲೆ ನಗಿಸುವವನು, ಪೊಲೀಸಿನವನು, ಮನೆಗೆಲಸದವಳು. ಇನ್ನೂ ಓಡಿತೆಂದರೆ, ಹಾಡಿನಲ್ಲಿ ಹಿಂದುಗಡೆ ಕುಣಿಯುವ ಹುಡುಗಿಯರಲ್ಲಿ ಎಡಗಡೆಯವಳು ಯಾಕೆ ಮುಖ ಸಿಂಡರಿಸುತ್ತಾಳೆ ಎಂಬಲ್ಲಿಗೆ ಬರುತ್ತಿತ್ತು. ಟಾಕೀಸಿನ ಮಾಲೀಕ ಕೆಂಚಪ್ಪನವರು ತಲೆ ಮೇಲೆ ಕೈ ಹೊತ್ತು, "ಪಿಕ್ಚರ್ ಓಡ್ತಾ ಐತೆ ಅಂತ ನಗ್ಲೋ, ಜನಾನ ಮನೆಗೆ ಹೆಂಗಪ್ಪಾ ಕಳಿಸ್ಲಿ ಅಂತ ಅಳ್ಲೋ" ಎನ್ನುತ್ತಿದ್ದರು. ಪೇಪರಿನವರು ಕಸ ಎಂದು ಬರೆದು ಬಿಸಾಡಿದ ಹೊಡೆದಾಟದ ಪಿಕ್ಚರುಗಳನ್ನು ನಮ್ಮೂರಿನವರು ಎಳೆಎಳೆಯಾಗಿ ಬಿಡಿಸಿ ನೋಡುವುದನ್ನು ಕಲಿತದ್ದು ಹೀಗೆ. ಬೇರೆ ದಾರಿಯಿರಲಿಲ್ಲ.

ಹೀಗೆ ಬಿಡಿಸುವುದರಲ್ಲಿ ಸರ್ವಮಂಗಳನನ್ನು ಮೀರಿಸುವವರು ಇರಲಿಲ್ಲ. ಅವಳು ನನ್ನ ಪಕ್ಕದ ಮನೆಯವಳು. ಸೋದರಮಾವ ಬಿಟ್ಟುಹೋದ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಮದುವೆಯಾಗಲಿಲ್ಲ. ನಲವತ್ತು ದಾಟಿದ್ದರೂ ತಲೆಗೂದಲಿನ ಬಿಳಿಯಲ್ಲಿ ವಯಸ್ಸಿನದೆಷ್ಟು, ರಾಗಿ ಹಿಟ್ಟಿನದೆಷ್ಟು ಎಂದು ಹೇಳುವಂತಿರಲಿಲ್ಲ. ಹೆಂಗಸರ ಬೆಂಚಿನಲ್ಲಿ ನನ್ನ ಪಕ್ಕ ಕೂತು ಇಡೀ ಪಿಕ್ಚರನ್ನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಒಂದು ಪಿಕ್ಚರಿನಲ್ಲಿ ಖಳನೊಬ್ಬ ಯಾರಿಗಾದರೂ ಹೊಡೆಯುವ ಮುಂಚೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಜನ ಅದನ್ನು ಸ್ಟೈಲು ಎಂದು ಶಿಳ್ಳೆ ಹೊಡೆದದ್ದೇ ಹೊಡೆದದ್ದು. ಸರ್ವಮಂಗಳ ಎದ್ದು, "ಅದು ಅವ್ರಪ್ಪನ ವಾಚು ಕಣ್ರಯ್ಯ. ಹಳೇ ಪಟ್ಟಿ, ಅವನ ಕೈಗೆ ದೊಡ್ಡದಾಗೈತೆ. ಹೊಡೆಯೋದ್ನ ಅಪ್ಪ ನೋಡ್ಬಾರ್ದು ಅಂತ ಬಚ್ಚಿಡ್ತಾನೆ" ಎಂದಳು. ಬಾಗಿಲು ತೆಗೆಯಿತು. ಮಾರನೆಯ ದಿನದಿಂದ ಆ ಗಡಿಯಾರ ಬಿಚ್ಚುವಾಗ ಯಾರೂ ಶಿಳ್ಳೆ ಹಾಕಲಿಲ್ಲ. ಇನ್ನೊಂದರಲ್ಲಿ, ತಮ್ಮನಿಗಾಗಿ ಆಸ್ತಿಯೆಲ್ಲ ಬಿಟ್ಟುಕೊಟ್ಟ ಅಣ್ಣನನ್ನು ನೋಡಿ ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತಿದ್ದಾಗ, "ಕೊಟ್ಟಿದ್ದು ಪ್ರೀತಿಗಲ್ಲ. ಇನ್ಮುಂದೆ ಇವ್ನು ನನ್ನೆದ್ರು ತಲೆ ಎತ್ಬಾರ್ದು ಅಂತ" ಎಂದಳು. ಅವತ್ತು ಬಾಗಿಲು ತೆಗೆದ ಕೂಡಲೇ ನಮ್ಮೂರಿನ ಒಬ್ಬಿಬ್ಬರು ಅಣ್ಣಂದಿರು ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಒಂದನ್ನು ಮಾತ್ರ ಅವಳು ಮಾಡುತ್ತಿರಲಿಲ್ಲ. ಪಿಕ್ಚರಿನಲ್ಲಿ ಮನೆಬಿಟ್ಟು ಹೋದ ಅಪ್ಪ ಬಂದರೆ, ಆ ಅಪ್ಪನ ಬಗ್ಗೆಯಾಗಲಿ ಅವನ ಮಕ್ಕಳ ಬಗ್ಗೆಯಾಗಲಿ ತುಟಿ ಬಿಚ್ಚುತ್ತಿರಲಿಲ್ಲ. ಬೇರೆ ಯಾರನ್ನಾದರೂ ಹುಡುಕಿ ಬಾಗಿಲು ತೆಗೆಸುತ್ತಿದ್ದಳು. ಕಾರಣ ಊರಿಗೆಲ್ಲ ಗೊತ್ತಿತ್ತು. ಅವಳಪ್ಪ ಪಂಚಾಕ್ಷರಯ್ಯನವರು ಹೊಲಿಗೆ ಮಿಷನ್ನು ರಿಪೇರಿ ಮಾಡುತ್ತಿದ್ದವರು. ಅವಳು ಇನ್ನೂ ಫ್ರಾಕು ಹಾಕುವ ವಯಸ್ಸಿನಲ್ಲಿ, ಕಾಲುವೆ ಆಚೆ ಓಣಿಯಲ್ಲಿ ರವಿಕೆ ಹೊಲಿಯುತ್ತಿದ್ದ ದೇವೀರಮ್ಮನ ಮನೆಗೆ ಹೋಗಿ ಅಲ್ಲೇ ಉಳಿದುಬಿಟ್ಟರು. ಬೇರೆ ಊರಿಗೆ ಹೋಗಿದ್ದರೆ ಒಂದು ರೀತಿ. ಇದು ಕಾಲುವೆ ಆಚೆ. ಸೇತುವೆ ಮೇಲೆ ನಿಂತರೆ ಆ ಮನೆಯ ಒಣಹಾಕಿದ ಬಟ್ಟೆ ಕಾಣುತ್ತಿತ್ತು. ತಾಯಿ ನೀಲಾಂಬಿಕೆ ಬದುಕಿದ್ದಷ್ಟು ದಿನವೂ ಸೇತುವೆ ಹತ್ತಲಿಲ್ಲ. ಮಗಳೂ ಹತ್ತಲಿಲ್ಲ. ದೇವೀರಮ್ಮ ರಾಗಿ ಬೀಸಲು ಗಿರಣಿಗೆ ಬರುತ್ತಿದ್ದಳು. ಅವಳ ಚೀಲವನ್ನು ಸರ್ವಮಂಗಳ ಸರದಿಯಲ್ಲೇ ಬೀಸಿ ಕೊಡುತ್ತಿದ್ದಳು. ಹಿಂದೆ ಹಾಕುತ್ತಿರಲಿಲ್ಲ, ಮುಂದೆಯೂ ಹಾಕುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ.

ಪಂಚಾಕ್ಷರಯ್ಯನವರು ಮಗಳು ಬರುವ ಆಟಕ್ಕೆಲ್ಲ ಬರುತ್ತಿದ್ದರು. ಗಂಡಸರ ಕಡೆ ಕೊನೆಯ ಬೆಂಚು, ಗೋಡೆಯ ಪಕ್ಕ. ಬಾಗಿಲು ತೆಗೆಸಲು ಅವರು ಯಾವತ್ತೂ ಎದ್ದವರಲ್ಲ. ಮಗಳು ಎದ್ದು ಮಾತಾಡುವಾಗ ಮುಂದಿನ ಬೆಂಚಿನ ಬೆನ್ನಿಗೆ ಎರಡೂ ಕೈ ಊರಿ, ತಲೆ ತಗ್ಗಿಸಿ ಕೇಳುತ್ತಿದ್ದರು. ಅವರಿಗೊಂದು ಒಣ ಕೆಮ್ಮಿತ್ತು. ಅದು ಕೇಳಿದರೆ ಸರ್ವಮಂಗಳನ ಕುತ್ತಿಗೆ ಬಿಗಿಯಾಗುವುದು ಪಕ್ಕದಲ್ಲಿ ಕೂತ ನನಗೆ ಗೊತ್ತಾಗುತ್ತಿತ್ತು.

ಅಪ್ಪ ಹೋದ ದಿನದ ಒಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿದ್ದು ಎಲ್ಲ ಮುಗಿದ ಮೇಲೆ. ಅವತ್ತು ಸುಡುಸುಡು ಮಧ್ಯಾಹ್ನ. ಅಪ್ಪ ಅವ್ವನ ಜಗಳ ಅಡುಗೆಮನೆಯಿಂದ ಪಡಸಾಲೆಗೆ ಬಂದು ನಿಂತಿತ್ತು. ಅಪ್ಪ ಚೀಲ ಹಿಡಿದು ಹೊಸ್ತಿಲು ದಾಟಿದರು. ಚಪ್ಪಲಿ ಹಿತ್ತಲಲ್ಲಿತ್ತು. ಅಪ್ಪ ಮಗಳ ಕಡೆ ನೋಡಿದರು. ಅವಳು ಓಡಿಹೋಗಿ ಚಪ್ಪಲಿ ತಂದು, ಮೆಟ್ಟಲು ಸುಲಭವಾಗಲೆಂದು ಬೀದಿಯ ಕಡೆ ಮುಖ ಮಾಡಿ ಇಟ್ಟಳು. ಅಪ್ಪ ಮೆಟ್ಟಿಕೊಂಡು ಹೋದರು. ಅವ್ವ ಆಮೇಲೆ ಎಷ್ಟೋ ವರ್ಷ, ಸಿಟ್ಟು ಬಂದಾಗಲೆಲ್ಲ, "ನೀನೇ ಅಲ್ಲೇನೇ ಚಪ್ಪಲಿ ತಂದು ಕೊಟ್ಟೋಳು" ಎನ್ನುತ್ತಿದ್ದಳು.

ಆ ವರ್ಷ ಬೇಸಿಗೆಗೆ ಬಂದ ಪಿಕ್ಚರು ಲಾರಿ ಡ್ರೈವರನೊಬ್ಬ ಸೇಡು ತೀರಿಸಿಕೊಳ್ಳುವ ಕಥೆ. ಹೊಡೆದಾಟ, ಹಾಡು, ಲಾರಿ ಹಾರುವುದು, ಎಲ್ಲ ಇತ್ತು. ಸುತ್ತಲ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ಪಿಕ್ಚರು ವಾರಗಟ್ಟಲೆ ಓಡಿತು. ಅದರ ಶುರುವಿನಲ್ಲಿ, ಹೆಸರುಗಳು ಬೀಳುವ ಮುಂಚೆ, ಒಂದು ಚಿಕ್ಕ ದೃಶ್ಯ. ನಾಯಕ ಇನ್ನೂ ತೊಟ್ಟಿಲಲ್ಲಿದ್ದಾನೆ. ಅವನಪ್ಪ ಹೆಂಡತಿಯೊಂದಿಗೆ ಜಗಳವಾಡಿ ಮನೆಬಿಟ್ಟು ಹೊರಡುತ್ತಾನೆ. ನಾಯಕನ ಅಕ್ಕ, ಲಂಗದ ಪುಟ್ಟ ಹುಡುಗಿ, ಓಡಿಬಂದು ಚಪ್ಪಲಿ ಇಡುತ್ತಾಳೆ. ಅಷ್ಟೇ. ಆ ಹುಡುಗಿ ಮತ್ತೆ ಪಿಕ್ಚರಿನಲ್ಲಿ ಬರುವುದೇ ಇಲ್ಲ. ದೊಡ್ಡವಳಾಗಿ ಏನಾದಳು ಎಂದು ಕಥೆ ಬರೆದವನೂ ಮರೆತಿರಬೇಕು. ತಡವಾಗಿ ಬಂದವರಿಗಂತೂ ಆ ದೃಶ್ಯ ಕಾಣುತ್ತಲೇ ಇರಲಿಲ್ಲ. ಸರ್ವಮಂಗಳ ಮೊದಲ ದಿನ ಅದನ್ನು ನೋಡಿದಾಗ ನನ್ನ ಮೊಣಕೈ ಹಿಡಿದುಕೊಂಡಳು. ಸೆಕೆಗೆ ತಲೆ ಸುತ್ತು ಬಂತೇನೋ ಎಂದು ನಾನು ನೀರು ಕೊಟ್ಟೆ.

ದಿನ ಕಳೆದಂತೆ ಆ ಪಿಕ್ಚರಿನ ಜನರೆಲ್ಲ ಖರ್ಚಾಗಿಹೋದರು. ನಾಯಕನ ಸೇಡಿನ ಕೆಳಗೆ ಅಪ್ಪನ ಬಗೆಗಿನ ನಾಚಿಕೆ ಇದೆ ಎಂಬುದಾಯಿತು. ಲಾರಿ ಕ್ಲೀನರು ನಾಯಕಿಯನ್ನು ಒಳಗೊಳಗೇ ಇಷ್ಟಪಟ್ಟಿದ್ದಾಯಿತು. ಖಳನ ಹೆಂಡತಿ ಗಂಡ ಸಾಯಲೆಂದು ಹರಕೆ ಹೊತ್ತದ್ದು, ಢಾಬಾದ ಮುದುಕ ಯಾರಿಗೂ ಉಳಿದ ಚಿಲ್ಲರೆ ವಾಪಸು ಕೊಡದೆ ನಿಲ್ಲಿಸಿಕೊಂಡು ಹರಟುವುದು ಒಂಟಿತನಕ್ಕೆ ಎಂಬುದು, ಎಲ್ಲ ಮುಗಿಯಿತು. ಚಪ್ಪಲಿ ಇಟ್ಟ ಹುಡುಗಿಯ ಬಗ್ಗೆಯೂ ಯಾರೋ, "ಪಾಪ, ಏನೂ ತಿಳೀದ ಮಗು" ಎಂದು ಹೇಳಿ ನೋಡಿದರು. ಬಾಗಿಲು ಅಲುಗಲಿಲ್ಲ.

ಒಂದು ಮಧ್ಯಾಹ್ನದ ಆಟ. ಟಾಕೀಸು ತುಂಬಿ ಓಡಾಡುವ ದಾರಿಯಲ್ಲೂ ಜನ ಕೂತಿದ್ದರು. ಶುಭಂ ಬಿತ್ತು, ದೀಪ ಹತ್ತಿತು, ಫ್ಯಾನು ಮಾತ್ರ ಕೆಟ್ಟು ನಿಂತಿತು. ಒಬ್ಬರಾದ ಮೇಲೆ ಒಬ್ಬರು ಎದ್ದು ಹೇಳಿದರು. ಹೇಳಿದ್ದೆಲ್ಲ ಹಳೆಯದು, ಇಲ್ಲವೇ ಸುಳ್ಳು. ಅಷ್ಟರಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ ಗಂಗಾಂಬಿಕೆ ಎಂಬ ಹುಡುಗಿ ಹೊಟ್ಟೆ ಹಿಡಿದುಕೊಂಡು ನರಳಿದಳು. ತುಂಬು ಬಸುರಿ. ಅತ್ತೆ ಬೇಡವೆಂದರೂ ಹಟ ಮಾಡಿ ಬಂದಿದ್ದಳಂತೆ. ಹೆಂಗಸರು ಸೆರಗಿನಿಂದ ಗಾಳಿ ಹಾಕಿದರು. ಗಂಡಸರು ಬಾಗಿಲಿಗೆ ಭುಜ ಕೊಟ್ಟು ನೋಡಿದರು. ಅತ್ತೆ ಅಳುತ್ತ ಸರ್ವಮಂಗಳನ ಕೈ ಹಿಡಿದು, "ನಿನ್ ಕಾಲಿಗೆ ಬೀಳ್ತೀನಿ ಕಣವ್ವ, ಏನಾರ ಹೇಳು. ನೀನು ಹೇಳಿದ್ರೆ ತೆಗೀತದೆ" ಎಂದಳು.

ಸರ್ವಮಂಗಳ ಎದ್ದು ನಿಂತಳು.  ಅವಳಿಗೆ ಹೇಳಬೇಕಾದ್ದು ಮೊದಲ ದಿನದಿಂದಲೂ ಗೊತ್ತಿತ್ತು. ಅದು ಗಂಟಲಿನವರೆಗೆ ಬಂತು. ಬಂದದ್ದನ್ನು ನುಂಗಿಕೊಂಡು, ಲಾರಿ ಕ್ಲೀನರಿನ ಬಗ್ಗೆ ಏನೋ ಒಂದನ್ನು ಹೇಳಿದಳು. ಅದು ಅವಳಿಗೇ ನಂಬಿಕೆಯಿಲ್ಲದ ಮಾತು. ಬಾಗಿಲು ತೆಗೆಯಲಿಲ್ಲ. ಅವಳ ಮಾತಿಗೆ ಬಾಗಿಲು ತೆಗೆಯದೆ ಇದ್ದದ್ದನ್ನು ಊರು ಕಂಡದ್ದು ಅದೇ ಮೊದಲು. "ಇನ್ನೊಂದ್ಸಲ ಯೋಚ್ನೆ ಮಾಡವ್ವ" ಎಂದು ಯಾರೋ ಕೂಗಿದರು. ಗಂಗಾಂಬಿಕೆ ಹಲ್ಲು ಕಚ್ಚಿಕೊಂಡು ಚೀರಿದಳು. ಸರ್ವಮಂಗಳ ಮತ್ತೆ ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು.

ಆಗ ಹಿಂದಿನಿಂದ ಆ ಒಣ ಕೆಮ್ಮು ಕೇಳಿತು. ಪಂಚಾಕ್ಷರಯ್ಯನವರು ಎದ್ದಿದ್ದರು. ಮುಂದಿನ ಬೆಂಚು ಹಿಡಿದುಕೊಂಡು, ಪರದೆಯ ಕಡೆ ನೋಡುತ್ತ ಮಾತಾಡಿದರು. ಪರದೆ ಖಾಲಿಯಾಗಿತ್ತು.

"ಆ ಮಗು ಐತಲ್ಲ, ಚಪ್ಪಲಿ ತಂದಿಟ್ಟದ್ದು. ಏನೂ ತಿಳೀದ ಮಗು ಅಂದ್ರಿ ಎಲ್ರೂ. ಅದಕ್ಕೆ ಎಲ್ಲಾ ಗೊತ್ತು. ಅಪ್ಪ ಹೊಂಟವ್ನೆ, ತಿರ್ಗಿ ಬರಲ್ಲ ಅಂತ ಗೊತ್ತು. ಬ್ಯಾಡ ಅನ್ನಕ್ಕೆ ಅದಕ್ಕೆ ಬಾಯಿ ಬರ್ಲಿಲ್ಲ. ಚಪ್ಪಲಿ ಬಚ್ಚಿಟ್ರೂ ಅವ್ನು ಬರಿಗಾಲಲ್ಲೇ ಹೋಗೋ ಅಂಥೋನು, ಬಿಸ್ಲಿಗೆ ಕಾಲು ಸುಡ್ತದೆ ಅಂತ ತಂದಿಡ್ತು. ಅಷ್ಟೇಯ. ಆಮೇಲೆ ಜೀವಮಾನವೆಲ್ಲ, ನಾನೇ ಕಳಿಸ್ದೆ ಅಂದ್ಕಂಡು ಕೊರಗ್ತದೆ ಅದು."  ಮತ್ತೆ ಕೆಮ್ಮಿದರು. "ಅದು ಕಳಿಸ್ಲಿಲ್ಲ."

ಅಗುಳಿ ಸರಿದ ಸದ್ದಾಯಿತು. ಬಾಗಿಲಿನಿಂದ ಬಿಸಿಲು ಒಳಗೆ ನುಗ್ಗಿತು. ಗಂಡಸರು ಗಂಗಾಂಬಿಕೆಯನ್ನು ಎತ್ತಿಕೊಂಡು ಓಡಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಹೋದರು. ಟಾಕೀಸು ಖಾಲಿಯಾದಾಗ ಉಳಿದವರು ಹೆಂಗಸರ ಕಡೆ ನಾವಿಬ್ಬರು, ಗಂಡಸರ ಕಡೆ ಅವರೊಬ್ಬರು. ಅವರು ಬೆಂಚು ಹಿಡಿದುಕೊಂಡೇ ನಿಂತಿದ್ದರು. ಈಗ ಪರದೆಯ ಕಡೆ ನೋಡುತ್ತಿರಲಿಲ್ಲ, ಮಗಳ ಕಡೆ ನೋಡುತ್ತಿದ್ದರು. ನಾನು, "ಹೋಗೇ, ನಿಂತವ್ರೆ" ಎಂದೆ. ಸರ್ವಮಂಗಳ ಎದ್ದು, ಸೀರೆ ನೆರಿಗೆ ಸರಿಮಾಡಿಕೊಂಡು, ಹೆಂಗಸರ ಬಾಗಿಲಿನಿಂದ ಹೊರಗೆ ಹೋದಳು.  ಮನೆ ಹತ್ತಿರ ಬಂದಾಗ ಒಂದೇ ಒಂದು ಮಾತು ಅಂದಳು. "ಗೊತ್ತಿತ್ತು ಅವ್ರಿಗೆ. ಇಷ್ಟ್ ವರ್ಷವೂ ಗೊತ್ತಿತ್ತು. ಗೊತ್ತಿದ್ದೂ ಸೇತುವೆ ದಾಟಿ ಬಂದು ಒಂದ್ಸಲ ಹೇಳ್ಲಿಲ್ಲ."

ಆ ಸಿಟ್ಟು ಎಷ್ಟು ದಿನ ಇದ್ದೀತು. ಒಂದು ವಾರ ಚೆನ್ನಾಗಿತ್ತು. ಆಮೇಲೆ ಅದರ ತಳ ಕಾಣತೊಡಗಿತು. ಸಾಯಂಕಾಲ ಜರಡಿ ಹಿಡಿಯುತ್ತ ಕೂತವಳು ಕೈ ನಿಲ್ಲಿಸಿ ಎಲ್ಲೋ ನೋಡುತ್ತಿದ್ದಳು. ಹೋಗಿ ಬರಬೇಕು ಎಂದು ಅವಳೇ ಹೇಳಿದಳು. ಸೋಮವಾರ ಹೋಗುತ್ತೇನೆ ಎಂದಳು. ಸೋಮವಾರ ಗಿರಣಿಯ ಬೆಲ್ಟು ಹರಿಯಿತು. ಆಮೇಲೆ ಸವೆದ ಬೀಸುಕಲ್ಲನ್ನು ಕುಟ್ಟಿ ಒರಟು ಮಾಡುವವನು ಬಂದ. ಆಮೇಲೆ, ಅಲ್ಲಿ ಹೋದರೆ ದೇವೀರಮ್ಮನನ್ನು ಏನೆಂದು ಕರೆಯುವುದು ಎಂಬ ಯೋಚನೆ ಬಂತು. ಟಾಕೀಸಿಗೆ ಹೋಗುವುದನ್ನೇ ಬಿಟ್ಟಳು. ಅಲ್ಲಿಗೆ ಹೋದರೆ ಸಿಗುತ್ತಾರೆ, ಸಿಕ್ಕರೆ ಎಲ್ಲರೆದುರು ಮಾತಾಡಬೇಕಾಗುತ್ತದೆ ಎಂಬ ಅಳುಕು. ಅವಳು ಬಾರದ ಮೇಲೆ ಪಂಚಾಕ್ಷರಯ್ಯನವರೂ ಟಾಕೀಸಿನಲ್ಲಿ ಕಾಣಲಿಲ್ಲ.

ಒಂದು ಬೆಳಗ್ಗೆ ಅವರೇ ಗಿರಣಿಗೆ ಬಂದರು. ಯಾವಾಗಲೂ ದೇವೀರಮ್ಮ ತರುತ್ತಿದ್ದ ರಾಗಿ ಚೀಲವನ್ನು ಅವತ್ತು ತಾವೇ ಹೊತ್ತು ತಂದಿದ್ದರು. ನಾನು ಜೋಳ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದವರೆಲ್ಲ ತಾವಾಗಿ ಪಕ್ಕಕ್ಕೆ ಸರಿದರು. ಸರ್ವಮಂಗಳ ಚೀಲ ತೆಗೆದುಕೊಂಡಳು, ತೂಗಿದಳು, ಗಿರಣಿಯ ಬಾಯಿಗೆ ಸುರಿದಳು. ಕಲ್ಲು ಗರಗರ ತಿರುಗಿತು. ಅವರು ಅವಳ ಹತ್ತಿರಕ್ಕೆ ಬಗ್ಗಿ ಏನೋ ಹೇಳಿದರು. ತುಟಿ ಆಡಿದ್ದು ನನಗೂ ಕಂಡಿತು. ಆ ಸದ್ದಿನಲ್ಲಿ ಒಂದಕ್ಷರವೂ ಕೇಳಲಿಲ್ಲ. ಸ್ವಿಚ್ಚು ಅವಳ ಬಲಗೈ ಪಕ್ಕದಲ್ಲೇ ಇತ್ತು. ಅವಳ ಕೈ ಅದರ ಹತ್ತಿರ ಹೋಯಿತು, ವಾಪಸು ಬಂದು ಹಿಟ್ಟು ಬಾಚತೊಡಗಿತು. ಜನ ನೋಡುತ್ತಿದ್ದರು, ಅದಕ್ಕಿರಬೇಕು. ಅಥವಾ ಇನ್ನೊಂದು ಸಲ ಹೇಳಲಿ, ಇಷ್ಟು ವರ್ಷ ಕಾಯಿಸಿದವರು ಇನ್ನೊಂದು ಸಲ ಹೇಳಲಿ ಎಂಬ ಹಟವೋ. ಅವರು ಇನ್ನೊಂದು ಸಲ ಹೇಳಲಿಲ್ಲ. ಬಿಸಿ ಹಿಟ್ಟಿನ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಹೋದರು.

ಅದಾದ ಮೇಲೆ ಹೆಚ್ಚು ದಿನವಿಲ್ಲ, ದೇವೀರಮ್ಮ ಬರಿಗೈಯಲ್ಲಿ ಗಿರಣಿಗೆ ಬಂದು ನಿಂತಳು. ಸರ್ವಮಂಗಳ ತಕ್ಷಣ ಸ್ವಿಚ್ಚು ಆರಿಸಿದಳು. "ಲಕ್ವ ಹೊಡೀತವ್ವ. ಬಲಗಡೆ ಪೂರ್ತಿ ಹೋಗೈತೆ" ಎಂದಳು ದೇವೀರಮ್ಮ. "ಮಾತೂ ಹೋಯ್ತು. ಒಂದೇ ಒಂದು ಮಾತು ಉಳ್ಕಂಡೈತೆ. ಏನು ಕೇಳಿದ್ರೂ ಆಗ್ಲಿ ಅಂತಾರೆ. ನೀರು ಬೇಕಾ ಅಂದ್ರೂ ಆಗ್ಲಿ. ನೋವ್ತೈತಾ ಅಂದ್ರೂ ಆಗ್ಲಿ."

ಸರ್ವಮಂಗಳ ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಅವಳ ಹಿಂದೆ ಹೊರಟಳು. ಅಲ್ಲೇ ಇದ್ದ ನಾನೂ ಹೋದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಸೇತುವೆ ಹತ್ತಿದಳು. ಮನೆ ಚಿಕ್ಕದು. ಮಂಚದ ಪಕ್ಕದಲ್ಲೇ ಹೊಲಿಗೆ ಮಿಷನ್ನು, ಅದರ ಮೇಲೆ ಅರ್ಧ ಹೊಲಿದ ರವಿಕೆ. ಪಂಚಾಕ್ಷರಯ್ಯನವರ ಮುಖ ಒಂದು ಕಡೆಗೆ ಎಳೆದುಕೊಂಡಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ದೇವೀರಮ್ಮ ಒಂದು ಸ್ಟೂಲು ತಂದಿಟ್ಟು, "ಕೂತ್ಕಳವ್ವ, ಕಿವಿ ಚೆನ್ನಾಗಿ ಕೇಳ್ತದೆ" ಎಂದು ಹೇಳಿ ಹಿತ್ತಲಿಗೆ ಹೋದಳು. ನಾನು ಹೊಸ್ತಿಲಲ್ಲಿ ಕೂತೆ.

ಅವಳು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಆಮೇಲೆ, "ಅಪ್ಪ" ಎಂದಳು. ಆ ಪದ ಅವಳ ಬಾಯಲ್ಲಿ ಚಿಕ್ಕ ಹುಡುಗಿ ಕರೆದ ಹಾಗೆ ಕೇಳಿಸಿತು. "ಆಗ್ಲಿ" ಎಂದರು ಅವರು.

"ಅವತ್ತು ಟಾಕೀಸ್ನಲ್ಲಿ ನಾನು ಹಂಗೆ ಎದ್ದು ಹೋಗ್ಬಾರ್ದಿತ್ತು."

"ಆಗ್ಲಿ."

"ಗಿರಣಿಗೆ ಬಂದಾಗ ಏನೋ ಅಂದ್ಯಲ್ಲ. ಏನಂದೆ?"

"ಆಗ್ಲಿ."

"ಮನೆಗೆ ಬಾ ಅಂದ್ಯಾ? ಇಲ್ಲ, ಬರ್ಲಾ ಅಂತ ಕೇಳಿದ್ಯಾ?"

"ಆಗ್ಲಿ. ಆಗ್ಲಿ."

ಅವಳು ಮುಂದಕ್ಕೆ ಬಗ್ಗಿ, ಟಾಕೀಸಿನಲ್ಲಿ ಪರದೆ ನೋಡುವಂತೆ ಕಣ್ಣು ಕಿರಿದು ಮಾಡಿ ಅವರ ಮುಖ ನೋಡಿದಳು. ಪಿಕ್ಚರಿನಲ್ಲಿ ಅರೆಕ್ಷಣ ಕಂಡು ಮಾಯವಾಗುವವರ ಮನಸ್ಸನ್ನು ಓದಿದವಳು ಆ ಒಂದು ಮಾತಿನ ಒಳಗೆ ಹೋಗಲು ಎಲ್ಲೆಲ್ಲೋ ದಾರಿ ಹುಡುಕಿದಳು. "ನಮ್ಮನ್ನ ನೆನೆಸ್ಕಂತಿದ್ಯಾ?" ಎಂದು ಕೇಳಿದಳು. "ಅವ್ವ ಸತ್ತಾಗ ಯಾಕೆ ಬರ್ಲಿಲ್ಲ?" ಎಂದು ಕೇಳಿದಳು. "ನನ್ ಮೇಲೆ ಸಿಟ್ಟೈತಾ?" ಎಂದಳು. ಎಲ್ಲದಕ್ಕೂ ಅದೇ ಬಂತು. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ಒಮ್ಮೆ ಕಣ್ಣಲ್ಲಿ ನೀರು ತುಂಬಿಕೊಂಡು. ಕಣ್ಣೀರು ಮಾತಿನದೋ ಕಾಯಿಲೆಯದೋ ಎಂದು ತಿಳಿಯುವಂತಿರಲಿಲ್ಲ. ಸರ್ವಮಂಗಳ ತಲೆಬಟ್ಟೆ ಬಿಚ್ಚಿ ಅವರ ಬಾಯಿಯ ಮೂಲೆ ಒರೆಸಿದಳು.

ಹೊತ್ತು ಇಳಿಯುತ್ತಿತ್ತು. ಗಿರಣಿಯಲ್ಲಿ ಜನರ ಚೀಲಗಳು ಹಾಗೇ ಬಿದ್ದಿದ್ದವು. ನಾಳೆ ಬೆಳಗ್ಗೆಯೇ ಬಂದು ಇಡೀ ದಿನ ಕೂತರಾಯಿತು ಎಂದು ಅವಳು ಅಂದುಕೊಂಡಳಂತೆ. ಆ ನಾಳೆ ಬೆಳಗ್ಗೆ ನಾವು ಹೋಗುವಷ್ಟರಲ್ಲಿ ದೇವೀರಮ್ಮ ಬಾಗಿಲ ಮುಂದೆ ಕೂತು ಅಳುತ್ತಿದ್ದಳು, ಓಣಿಯವರು ಸೇರಿದ್ದರು. ಆ ಸಾಯಂಕಾಲ ಅದೆಲ್ಲ ಗೊತ್ತಿರಲಿಲ್ಲ. ಈಗಲೂ ಕೆಲವು ದಿನ ಗಿರಣಿ ನಿಲ್ಲಿಸಿದ ಮೇಲೆ ಸರ್ವಮಂಗಳ ನಮ್ಮ ಜಗಲಿಗೆ ಬಂದು ಕೂತು, ಬೇರೆಲ್ಲ ಬಿಟ್ಟು ಆ ಕೊನೆಯ ಮಾತಿಗೇ ಬರುತ್ತಾಳೆ. ಸ್ಟೂಲಿನಿಂದ ಏಳುತ್ತ ಅವಳು, "ಹಂಗಾದ್ರೆ ನಾನು ಹೋಗ್ಲಾ ಅಪ್ಪ?" ಎಂದು ಕೇಳಿದಳು. ಅವರು ಅವಳನ್ನೇ ನೋಡುತ್ತ, "ಆಗ್ಲಿ" ಎಂದರು. ಅದುವರೆಗಿನ ಒಂದು ಆಗ್ಲಿಯನ್ನೂ ನಂಬದೆ ಇದ್ದವಳು, ಅದೊಂದನ್ನು ನಂಬಿ ಎದ್ದು ಬಂದಳು.